ಬೋರ್ಡಿನ ಕೊನೆಯ ಸಾಲು

ನಮ್ಮ ಭಾವನವರ ಮೇಲೆ ನನಗೆ ದ್ವೇಷ ಹುಟ್ಟಿದ್ದು ಅವರು ಪಡಸಾಲೆಯ ಗೋಡೆಗೆ ಕರಿ ಬೋರ್ಡು ಹೊಡೆಸಿದ ದಿನ. ಅದಕ್ಕೂ ಮೊದಲು ಅವರನ್ನು ಕಂಡರೆ ಹೆದರಿಕೆ ಇತ್ತು, ಅಷ್ಟೇ. ಹೆದರಿಕೆ ಕಾಲಕ್ರಮದಲ್ಲಿ ಕರಗುತ್ತದೆ. ದ್ವೇಷದ ವಿಷಯದಲ್ಲಿ ನನಗೆ ಹಾಗೆ ಆಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಗೆ ಬಂದೆ. ಕಂಟೋನ್ಮೆಂಟಿನಲ್ಲಿ ಹಳೆಯ ಕಾಲದ ಬಾಡಿಗೆ ಮನೆ, ಎತ್ತರದ ಸೂರು, ಮುಂದೆ ಅಗಲವಾದ ಪಡಸಾಲೆ. ಮಾವ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಭಾವ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಮಕ್ಕಳು, ನನ್ನ ಗಂಡ, ನಾನು. ನನ್ನ ಗಂಡ ಕುರುಗೋಡಿನ ಹೈಸ್ಕೂಲಿನಲ್ಲೇ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬರುತ್ತಿದ್ದರು. ನನ್ನನ್ನು ಆ ಊರಿನಿಂದ ಇಲ್ಲಿಗೆ ತಂದು, ತಾವು ದಿನಾ ಅಲ್ಲಿಗೆ ಹೋಗುತ್ತಿದ್ದರು. ಇದನ್ನು ನೆನೆದು ಮೊದಮೊದಲು ನಗು ಬರುತ್ತಿತ್ತು.

ಭಾವ ಬಹಳ ವರ್ಷ ಕಾಲುವೆ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಸಾಮಾನಿನ ಉಗ್ರಾಣ ನೋಡಿಕೊಂಡಿದ್ದವರು. ಅಲ್ಲಿ ಯಾವ ಕೆಲಸ ಯಾರು ಯಾವತ್ತಿಗೆ ಮುಗಿಸಬೇಕು ಎಂದು ಬೋರ್ಡಿನಲ್ಲಿ ಬರೆಯುತ್ತಿದ್ದರಂತೆ. ಆ ನೌಕರಿ ಬಿಟ್ಟು, ಸಿರುಗುಪ್ಪದಲ್ಲಿ ಸ್ವಂತದ ಅಕ್ಕಿ ಮಿಲ್ಲು ಹಾಕಬೇಕೆಂದು ಹೊರಟಾಗ ಅದೇ ಪದ್ಧತಿಯನ್ನು ಮನೆಗೆ ತಂದರು. ಶಾಲೆಯೊಂದರ ಹಳೆ ಬೋರ್ಡನ್ನು ಎಲ್ಲಿಂದಲೋ ಹೊರಿಸಿಕೊಂಡು ಬಂದು, ಅದರ ಮೇಲೆ ಬಿಳಿ ಪೇಂಟಿನಿಂದ ಅಳಿಸದ ಹಾಗೆ ಗೆರೆ ಎಳೆಸಿ, ಮೇಲ್ಗಡೆ ದುಂಡಗೆ ಬರೆಸಿದರು: ಕೆಲಸ, ಯಾರು, ಯಾವಾಗ, ಆತು.

ಮಿಲ್ಲಿನ ಕೆಲಸಗಳು ಕೆಂಪು ಚಾಕ್‌ಪೀಸಿನಲ್ಲಿ ಮೇಲೆ, ಮನೆಯ ಕೆಲಸಗಳು ಬಿಳಿಯಲ್ಲಿ ಕೆಳಗೆ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರು ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಮುಗಿದ ಕೆಲಸದ ಮುಂದೆ ಗೀಟು ಎಳೆಯುವ ಹಕ್ಕು ಅವರೊಬ್ಬರದೇ. ಉಳಿದವರು ಚಾಕ್‌ಪೀಸು ಮುಟ್ಟುವಂತಿರಲಿಲ್ಲ. ಮುಗಿಯದ ಕೆಲಸದ ದಿನ ಅಳಿಸಿ ಬೇರೆ ದಿನ ಬರೆಯುತ್ತಿದ್ದರು.

ನಮ್ಮ ಕಡೆ ಭಾವ ತಮ್ಮನ ಹೆಂಡತಿಯೊಂದಿಗೆ ನೇರವಾಗಿ ಮಾತಾಡುವ ರೂಢಿ ಆಗ ಕಡಿಮೆ. ಏನಾದರೂ ಬೇಕಿದ್ದರೆ ನೆಗೆಣ್ಣಿಯ ಕಡೆ ತಿರುಗಿ ಹೇಳುವುದು, ಅವಳು ನನಗೆ ಹೇಳುವುದು. ಆ ರೂಢಿಯಲ್ಲಿ ನನಗೊಂದು ಮರೆ ಇತ್ತು. ಬೋರ್ಡು ಬಂದಮೇಲೆ ಅದೂ ಹೋಯಿತು. ಬಾಯಿ ಬಿಡದೆ ಅವರು ನನ್ನ ಮೇಲೆ ಎಷ್ಟು ಹುಕುಂ ಬೇಕಾದರೂ ಮಾಡಬಹುದಾಗಿತ್ತು. "ಹುಣಸೆಹಣ್ಣು ಬಿಡಿಸುವುದು — ಕಿರಿಯವಳು — ಬುಧವಾರ." "ಹಾಸಿಗೆ ಬಿಸಿಲಿಗೆ — ಕಿರಿಯವಳು — ಇವತ್ತು." ಪಡಸಾಲೆಗೆ ಬಂದ ಸೇಟು, ಕರೆಂಟಿನ ಕಚೇರಿಯ ಮನುಷ್ಯ, ದೇಶನೂರಿನಿಂದ ಭತ್ತದ ಮಾತಿಗೆ ಬಂದ ರೈತರು, ಎಲ್ಲರೂ ಚಹಾ ಕುಡಿಯುತ್ತ ನಾನು ಅಂದು ಏನು ತೊಳೆಯಬೇಕು, ಏನು ಕುಟ್ಟಬೇಕು ಎಂದು ಓದುತ್ತಿದ್ದರು.

ಒಮ್ಮೆ ನನ್ನ ಅಪ್ಪ ಬಂದಿದ್ದರು. ಜೋಳ, ಬೆಲ್ಲ ತಂದಿದ್ದರು. ಕೈಕಾಲು ತೊಳೆದು ಪಡಸಾಲೆಯಲ್ಲಿ ನಿಂತು ಬೋರ್ಡು ಓದತೊಡಗಿದರು. ನಾನು ನೀರಿನ ತಂಬಿಗೆ ಹಿಡಿದು ನಿಂತೇ ಇದ್ದೆ.

"ಕಿರಿಯವಳು ಅಂದ್ರ ನೀನಾ ಏನವ್ವ?" ಅಂದರು.

"ಹೂನಪ್ಪ."

"ಹೆಸರು ಬರ್ಯಾಕ ಜಾಗ ಸಾಲಲಿಲ್ಲೇನು?"

ನಾನು ತಂಬಿಗೆಯನ್ನು ಅವರ ಕೈಗೆ ಕೊಟ್ಟೆ. ಅವರು ಊಟಕ್ಕೆ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಅಂದು ರಾತ್ರಿ ಗಂಡನಿಗೆ, "ನಿಮ್ಮಣ್ಣಗ ಹೇಳ್ರಿ, ನನ್ನ ಕೆಲಸ ನನಗ ಗೊತ್ತೈತಿ, ಊರಿಗೆಲ್ಲ ಓದಿ ಹೇಳೋದು ಬ್ಯಾಡ" ಅಂದೆ. ಅವರು ಸೊಳ್ಳೆಪರದೆ ಕಟ್ಟುತ್ತ, "ಅಣ್ಣ ಇರೋದ್ರಿಂದನ ಮನಿ ಒಂದು ದಾರಿಗೆ ಐತಿ. ಸುಮ್ಮನ ಮಲಕ್ಕೊ" ಅಂದರು. ನನ್ನ ಗಂಡ ಕೆಟ್ಟವರಲ್ಲ. ಅಣ್ಣನ ಎದುರು ಮಾತ್ರ ಅವರಿಗೆ ನಾಲಿಗೆ ಇರಲಿಲ್ಲ.

ಅದೇ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅತ್ತೆಯ ಕಣ್ಣಿನ ತೊಂದರೆ ನನ್ನ ಗಮನಕ್ಕೆ ಬಂತು. ಅತ್ತೆ ಮೆತ್ತಗಿನ ಮಾತಿನ ಹೆಂಗಸು, ಗಟ್ಟಿ ದೇಹ. ಮೊರದಲ್ಲಿ ಅಕ್ಕಿ ಹಿಡಿದು ಕೂತರೆ ಒಂದು ಕಲ್ಲು ಉಳಿಯುತ್ತಿರಲಿಲ್ಲ. ಈಗ ಅವರು ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಗತೊಡಗಿತು. ಹಾಲು ಸುರಿಯುವಾಗ ಲೋಟದ ಪಕ್ಕಕ್ಕೆ ಸುರಿದರು. ಬಲಗಡೆ ಇಟ್ಟ ಕೊಡಕ್ಕೆ ಎಡವಿದರು. ಸಂಜೆಯಾದರೆ ಹಣೆಗೆ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದರು.

"ಏನಾಗ್ತೈತ್ರಿ ಅತ್ತಿ?" ಅಂತ ಕೇಳಿದರೆ, "ಏನಿಲ್ಲವ್ವ, ದೀಪ ನೋಡಿದ್ರ ಸುತ್ತಲೂ ಬಣ್ಣಬಣ್ಣದ ಬಳಿ ಇಟ್ಟಂಗ ಕಾಣ್ತಾವು. ಚೆಂದನ ಕಾಣ್ತಾವು ಬಿಡು" ಅಂದರು.

ನನಗೆ ಅದು ಚೆಂದ ಅನಿಸಲಿಲ್ಲ. ನೆಗೆಣ್ಣಿಗೆ ಹೇಳಿದೆ, ಅವಳು ಗಂಡನಿಗೆ ಹೇಳಿದಳು. ಮರುದಿನ ಬೋರ್ಡಿನಲ್ಲಿ ಕೊನೆಯ ಸಾಲು ಬಂತು: "ಅವ್ವ — ಕಣ್ಣು, ಕರ್ನೂಲು — ನಾನು — ಗುರುವಾರ."

ಬಳ್ಳಾರಿಯಲ್ಲೇ ಸರಕಾರಿ ಆಸ್ಪತ್ರೆ ಇತ್ತು, ಜಟಕಾದಲ್ಲಿ ಕೂತರೆ ಚಹಾ ಆರುವಷ್ಟರಲ್ಲಿ ಮುಟ್ಟಬಹುದು. ಆದರೆ ಭಾವನಿಗೆ ಅದು ಸಾಲದು. ಕರ್ನೂಲಿನಲ್ಲಿ ಯಾರೋ ದೊಡ್ಡ ಕಣ್ಣಿನ ಡಾಕ್ಟರು ಇದ್ದಾರೆ, ಗುರುವಾರ ಹೊರಗಿನವರನ್ನು ನೋಡುತ್ತಾರೆ, ತಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಒಯ್ಯಬೇಕು ಅಂತ. ಜೀಪು ಮಿಲ್ಲಿನ ಓಡಾಟಕ್ಕೆ ಅಂತ ಕೊಂಡ ಹಳೆಯ ಗಾಡಿ. ಆ ಗುರುವಾರ ಸಿರುಗುಪ್ಪದಲ್ಲಿ ಶೆಡ್ಡಿಗೆ ಕಂಬ ನಿಲ್ಲಿಸುವುದಿತ್ತು. ಅತ್ತೆಯ ಸಾಲಿನಲ್ಲಿ ಗುರುವಾರದ ಮುಂದೆ "ಮುಂದಿನ" ಎಂದು ಸೇರಿತು. ಆಮೇಲೆ ತಗಡು ಬರುವುದು ತಡವಾಯಿತು. ಆಮೇಲೆ ಮೋಟರಿನ ಸಲುವಾಗಿ ಭಾವ ಗುಂತಕಲ್ಲಿಗೆ ಹೋದರು. ಆಮೇಲೆ ಕರೆಂಟಿನವರು. ಕೆಂಪು ಸಾಲುಗಳು ಹೋದವು, ಹೊಸ ಕೆಂಪು ಸಾಲುಗಳು ಬಂದವು. ಕೊನೆಯ ಬಿಳಿ ಸಾಲು ಮಾತ್ರ ಹಾಗೇ ಇತ್ತು. ಅಕ್ಷರ ಮಸುಕಾದಾಗ ಭಾವ ಅದನ್ನು ಮತ್ತೆ ತಿದ್ದಿ ಬರೆಯುತ್ತಿದ್ದರು. ಅದೊಂದರಲ್ಲಿ ತಪ್ಪಲಿಲ್ಲ.

ಅತ್ತೆಗೆ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಪಡಸಾಲೆ ಸಾರಿಸುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳುತ್ತಿದ್ದರು.

"ನನ್ನದು ಏನು ಬರ್ದಾನವ್ವ?"

"ಮುಂದಿನ ಗುರುವಾರ ಅಂತ ಬರ್ದಾರ್ರಿ ಅತ್ತಿ."

"ಹೌದೇನು. ಆತು."

ಒಂದೆರಡು ಸಲ ನಾನು, "ನಾನ ಕರ್ಕೊಂಡು ಹೋಗ್ತೀನಿ ಬರ್ರಿ, ಇಲ್ಲೇ ದವಾಖಾನಿ ಐತಿ" ಅಂದೆ. ಅವರು ಕೈ ಬಿಡಿಸಿಕೊಂಡರು. "ಬ್ಯಾಡವ್ವ, ಹಿರ್ಯಾವ ಏನರೆ ತಿಳ್ಕೊಂಡಾನು. ಅಷ್ಟು ದೂರದ ಡಾಕ್ಟರಿಗೆ ಹೇಳಿಟ್ಟಾನ" ಅಂದರು. ನೆಗೆಣ್ಣಿಯೂ ಅದೇ ಮಾತು. "ಅವರು ಹೇಳ್ದಂಗ ಆಗ್ಲಿ. ನಮಗ್ಯಾಕ ಉಸಾಬರಿ?" ನಾನು ಗಂಡನಿಗೆ ಹೇಳಿದೆ. ಅವರು ಅಣ್ಣನಿಗೆ ಹೇಳಿದರಂತೆ. ಅಣ್ಣ ಬೋರ್ಡಿನ ಕಡೆ ಬೆರಳು ತೋರಿಸಿದರಂತೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗಿನಿಂದ ಅತ್ತೆ ಕೂಗಿದರು. ಆ ಕೂಗು ನಾನು ಆ ಮನೆಯಲ್ಲಿ ಅದುವರೆಗೆ ಕೇಳಿದ್ದಲ್ಲ. ಓಡಿಹೋದರೆ ಅವರು ನೆಲದ ಮೇಲೆ ತಲೆ ಹಿಡಿದುಕೊಂಡು ಬಗ್ಗಿದ್ದರು. ಮುಂದೆ ವಾಂತಿ. ಬಲಗಣ್ಣು ಕೆಂಡದ ಹಾಗೆ ಕೆಂಪು, ಮೇಲೆ ಮಂಜು ಹಿಡಿದ ಹಾಗೆ ಬಿಳಿ.

"ತಲಿ ಒಡೀತೈತವ್ವ, ತಲಿ ಒಡೀತೈತಿ."

ಭಾವ ಸಿರುಗುಪ್ಪದಲ್ಲಿ, ಜೀಪು ಅವರ ಜೊತೆ. ನನ್ನ ಗಂಡ ಕುರುಗೋಡಿನಲ್ಲಿ. ನೆಗೆಣ್ಣಿ ಅಳತೊಡಗಿದಳು. "ಅವರು ಸಂಜಿಕ ಬರ್ತಾರ. ಅಲ್ಲಿ ಮಟ ತಣ್ಣೀರ ಬಟ್ಟಿ ಹಾಕೋಣು" ಅಂದಳು.

"ಯಕ್ಕ, ನೀನು ಮನಿ ನೋಡ್ಕೊ. ನಾನು ಹೋಗ್ತೀನಿ."

"ಅವರು ನನ್ನ ಕೇಳಿದ್ರ ಏನು ಹೇಳ್ಲಿ?"

"ನಾನು ನಿನ್ನ ಮಾತು ಕೇಳಲಿಲ್ಲ ಅಂತ ಹೇಳು."

ಬೀದಿಗೆ ಓಡಿ ಜಟಕಾ ಕರೆದೆ. ಜಟಕಾದವನು, ನಾನು ಇಬ್ಬರೂ ಸೇರಿ ಅತ್ತೆಯನ್ನು ಎತ್ತಿ ಕೂರಿಸಿದೆವು. ದಾರಿಯುದ್ದಕ್ಕೂ ಅವರ ಮುಖ ನನ್ನ ಎದೆಗೆ ಒತ್ತಿಕೊಂಡಿದ್ದೆ. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಅವರು ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ನನಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಆಸ್ಪತ್ರೆಯಲ್ಲಿದ್ದ ಕಣ್ಣಿನ ಡಾಕ್ಟರು ಆಂಧ್ರದ ಕಡೆಯವರು, ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡುತ್ತಿದ್ದರು. ರೆಪ್ಪೆ ಎತ್ತಿ ನೋಡಿದರು, ದೀಪ ಹಿಡಿದು ನೋಡಿದರು, ಬೆರಳಿನಿಂದ ಕಣ್ಣಿನ ಗುಡ್ಡೆಯನ್ನು ಮೆಲ್ಲಗೆ ಒತ್ತಿದರು.

"ಎನ್ನಿ ರೋಜುಲಾಯಿಂದಮ್ಮ? ಎಷ್ಟು ದಿನ ಆತು ಇದು?"

ನಾನು ಬಾಯಿ ತೆರೆಯುವ ಮೊದಲೇ, ನೋವಿನಲ್ಲಿ ಹೊರಳುತ್ತಿದ್ದ ಅತ್ತೆ, "ನಿನ್ನಿಯಿಂದ ರೀ ಸಾಹೇಬ್ರ" ಅಂದರು.

ಡಾಕ್ಟರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಯುಗಾದಿಯಿಂದ" ಅಂದೆ.

ಅವರು ನನ್ನನ್ನು ಹೊರಗೆ ಕರೆದು ಹೇಳಿದರು. ಕಣ್ಣಿನ ಒಳಗೆ ಒತ್ತಡ ಏರುವ ರೋಗ. ಇದು ಮೆಲ್ಲಗೆ ತಿನ್ನುತ್ತ ಬಂದಿದೆ. ಬಲಗಣ್ಣು ಇನ್ನು ಬರುವುದಿಲ್ಲ. ಎಡಗಣ್ಣಿಗೂ ಅದೇ ರೋಗ ಇದೆ, ನೋವು ಇಳಿಸಿ ಆಪರೇಷನ್ ಮಾಡಿದರೆ ಆ ಕಣ್ಣಿನಲ್ಲಿ ಇರುವಷ್ಟು ದೃಷ್ಟಿ ಉಳಿದೀತು. "ಮೊದಲೇ ಬಂದಿದ್ರೆ ಎರಡೂ ಉಳಿಸಬಹುದಿತ್ತಮ್ಮ. ಈ ಊರಲ್ಲೇ ಇದ್ದೀರಲ್ಲ?" ಅಂದರು.

ಈ ಊರಲ್ಲೇ ಇದ್ದೆವು. ಅದನ್ನು ಹೇಗೆ ಹೇಳುವುದು? ಆಪರೇಷನ್ನಿಗೆ ಮನೆಯವರ ಸಹಿ ಬೇಕು, ಗಂಡಸರು ಯಾರಾದರೂ ಬರಲಿ ಅಂತ ನರ್ಸು ಹೇಳಿದಳು. ಗಂಡಸರು ಬರುವವರೆಗೆ ಇನ್ನೊಂದು ಕಣ್ಣೂ ಹೋಗಲಿ ಎನ್ನುತ್ತೀಯಾ ಅಂತ ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳದೇನಿತ್ತು. ಡಾಕ್ಟರು ಕಾಗದ ನನ್ನ ಮುಂದಿಟ್ಟರು. ಸಹಿ ಮಾಡಿದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ನನ್ನ ಪೂರ್ತಿ ಹೆಸರು ಬರೆದದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಭಾವ ಬಂದರು, ಹಿಂದೆ ನನ್ನ ಗಂಡ. ಭಾವನ ಅಂಗಿಯ ಮೇಲೆ ಸಿಮೆಂಟಿನ ಧೂಳು ಇತ್ತು. ವಾರ್ಡಿನೊಳಗೆ ಹೋಗಿ ತಾಯಿಯ ತಲೆ ಮುಟ್ಟಿ ಬಂದರು. ಹೊರಗೆ ಬಂದವರು ನೆಗೆಣ್ಣಿಯನ್ನಾಗಲಿ ತಮ್ಮನನ್ನಾಗಲಿ ನಡುವೆ ತರಲಿಲ್ಲ. ನನ್ನ ಎದುರಿಗೇ ನಿಂತರು.

"ಯಾರನ್ನ ಕೇಳಿ ಕರ್ಕೊಂಡು ಬಂದಿ?"

"ಕೇಳಾಕ ಮನ್ಯಾಗ ಯಾರಿದ್ದರ್ರಿ?"

"ಮುಂದಿನ ಗುರುವಾರ ಅಂತ ಬರ್ದಿದ್ದೆ. ಕರ್ನೂಲಿನ ಡಾಕ್ಟರಿಗೆ ಹೇಳಿ ಇಟ್ಟಿದ್ದೆ. ನಿನಗೇನು ಓದಾಕ ಬರಂಗಿಲ್ಲೇನು?"

"ಓದೀನ್ರಿ. ಯುಗಾದಿಯಿಂದ ಓದಾಕತ್ತೀನಿ. ಅತ್ತಿಗೆ ದಿನಾ ಓದಿ ಹೇಳಾಕೀನೂ ನಾನ."

"ಅವ್ವನ್ನ ಇಂಥಲ್ಲಿ ತಂದು ಹಾಕಬಾರದು, ದೊಡ್ಡ ಡಾಕ್ಟರಿಗೆ ತೋರಿಸಬೇಕು ಅಂತ ನನ್ನ ಮನಸ್ಸಿನ್ಯಾಗಿತ್ತು. ನಿನಗೇನು ತಿಳೀತೈತಿ?"

"ಕಣ್ಣು ಹೋಗೇತ್ರಿ. ಈಗ ಯಾವ ಡಾಕ್ಟರ್ ದೊಡ್ಡಾಂವ, ಯಾವಾಂವ ಸಣ್ಣಾಂವ?"

ಅವರ ಮುಖ ಕಪ್ಪಿಟ್ಟಿತು. ನನ್ನ ಗಂಡನ ಕಡೆ ತಿರುಗಿ, "ನಿನ್ನ ಹೆಂಡ್ತಿ ಬಾಯಿ ಹಿಡಿ" ಅಂದರು. ಗಂಡ ನನ್ನ ಮೊಣಕೈ ಹಿಡಿದರು. ನಾನು ಕೊಸರಿಕೊಂಡು ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕೂತೆ. ಮನೆಗೆ ಹೋಗಲಿಲ್ಲ.

ಆಪರೇಷನ್ ಆಯಿತು. ಎಡಗಣ್ಣು ಉಳಿಯಿತು, ಒಂದು ಮಟ್ಟಿಗೆ. ಆಸ್ಪತ್ರೆಯಿಂದ ಅತ್ತೆಯನ್ನು ಕರೆತಂದ ದಿನ ಭಾವ ಜೀಪು ಕಳಿಸಿದ್ದರು. ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಪಡಸಾಲೆಗೆ ಬಂದೆ. ನನ್ನ ಕಣ್ಣು ತಾನಾಗಿ ಬೋರ್ಡಿನ ಕಡೆ ಹೋಯಿತು. ಕೊನೆಯ ಸಾಲು ಇನ್ನೂ ಇತ್ತು. "ಅವ್ವ — ಕಣ್ಣು." ಕರ್ನೂಲು, ನಾನು, ಗುರುವಾರ ಮೂರನ್ನೂ ಅಳಿಸಿದ್ದರು. ಅದರ ಮುಂದೆ, "ಆತು" ಎಂಬ ತಲೆಬರಹದ ಕೆಳಗೆ, ನೀಟಾಗಿ ಒಂದು ಗೀಟು.

ಒಂದು ಕಣ್ಣು ಹೋದ ಹೆಂಗಸಿನ ಕೈ ಹಿಡಿದು ನಿಂತಿದ್ದೇನೆ. ಅವರ ಪಾಲಿಗೆ ಕೆಲಸ ಮುಗಿದಿತ್ತು.

ಅತ್ತೆಯನ್ನು ಒಳಗೆ ಮಲಗಿಸಿದೆ. ಹಿತ್ತಲಿಗೆ ಹೋಗಿ ನೆಲ ಒರೆಸುವ ಅರಿವೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ತಂದೆ. ಭಾವ ಆರಾಮ ಕುರ್ಚಿಯಲ್ಲಿ ಕೂತು ಮಿಲ್ಲಿನ ಯಾವುದೋ ಕಾಗದ ಓದುತ್ತಿದ್ದರು. ಅವರ ಎದುರಿಗೇ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದೆ. ಬಿಳಿ ಸಾಲು, ಕೆಂಪು ಸಾಲು, ಮೋಟರು, ತಗಡು, ಕಂಬ, ಹುಣಸೆಹಣ್ಣು, ಎಲ್ಲ ಕರಗಿ ಗೋಡೆಯ ಮೇಲೆ ಗುಲಾಬಿ ಬಣ್ಣದ ನೀರಾಗಿ ಇಳಿಯಿತು. ಭಾವ ಎದ್ದು ನಿಂತರು. ಹೊಡೆದೇಬಿಡುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ನಾನೂ ಕೈ ಎತ್ತುತ್ತಿದ್ದೆನೇನೋ. ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ನಡೆದರು.

ಇದರಿಂದ ಅವರಿಗೆ ಭಾರಿ ನಷ್ಟವಾಯಿತು ಅಂತ ಹೇಳಲು ನನಗೆ ಆಸೆ. ಆಗಲಿಲ್ಲ. ಮರುದಿನ ಬೆಳಿಗ್ಗೆ ಅವರು ಒಂದೂ ಬಿಡದೆ ಎಲ್ಲವನ್ನೂ ನೆನಪಿನಿಂದಲೇ ಮತ್ತೆ ಬರೆದರು. ನನ್ನ ಕೆಲಸಗಳನ್ನು ಮಾತ್ರ ಬರೆಯಲಿಲ್ಲ. ಅಂದಿನಿಂದ ನಾನು ಆ ಮನೆಯಲ್ಲಿ ಇಲ್ಲದವಳಾದೆ. ನಾನು ಇಟ್ಟ ತಟ್ಟೆಯಲ್ಲಿ ಅವರು ಊಟ ಮಾಡುತ್ತಿರಲಿಲ್ಲ. ನಾನು ಪಡಸಾಲೆಗೆ ಬಂದರೆ ಎದ್ದು ಹೋಗುತ್ತಿದ್ದರು. ಗಂಡ ದಿನಾ ರಾತ್ರಿ, "ಒಂದು ಮಾತು, ತಪ್ಪಾತು ಅಂದುಬಿಡು" ಅನ್ನುತ್ತಿದ್ದರು. "ನಿಮ್ಮಣ್ಣ ಅತ್ತಿ ಮುಂದ ಅಂದ್ರ, ನಾನು ಅವರ ಮುಂದ ಅಂತೀನಿ" ಅಂದೆ. ಅಲ್ಲಿಗೆ ಆ ಮಾತು ನಿಂತಿತು.

ಅತ್ತೆಯೂ ನನ್ನ ಪರ ನಿಲ್ಲಲಿಲ್ಲ. ಇದು ನನಗೆ ಭಾವ ಮಾಡಿದ್ದಕ್ಕಿಂತ ಹೆಚ್ಚು ಉರಿಯಿತು. ಒಂದು ದಿನ ಅವರ ಕಣ್ಣಿಗೆ ಔಷಧಿ ಹಾಕುತ್ತ ಕೇಳಿಯೇಬಿಟ್ಟೆ.

"ಅತ್ತಿ, ಡಾಕ್ಟರ್ ಮುಂದ ನಿನ್ನಿಯಿಂದ ಅಂತ ಯಾಕ ಸುಳ್ಳು ಹೇಳಿದ್ರಿ?"

ಅವರು ಕೆನ್ನೆಗೆ ಇಳಿದ ಔಷಧಿಯನ್ನು ಸೆರಗಿನಿಂದ ಒರೆಸಿಕೊಂಡರು.

"ನನ್ನ ಮಗಗ ಯಾರರೆ ಬೈದಾರು ಅಂತ."

"ಬೈಸಿಕೊಳ್ಳೋ ಕೆಲಸಾನ ಮಾಡ್ಯಾರಲ್ರಿ."

"ಹಂಗನಬ್ಯಾಡವ್ವ. ಅವಂಗ ನೂರು ಕೆಲಸ. ಅದರಾಗೂ ದಿನಾ ನನ್ನ ಕಣ್ಣು ಬರೀತಿದ್ದನಲ್ಲ. ಮರ್ತಿರಲಿಲ್ಲ ಅಂವ."

ನಾನು ಔಷಧಿ ಸೀಸೆಯ ಮುಚ್ಚಳ ಹಾಕಿ ಎದ್ದೆ. ಅವರಿಗೆ ಆ ಬಿಳಿ ಸಾಲು ಮಗನ ಪ್ರೀತಿಯಾಗಿತ್ತು. ನನಗೆ ಅದು ಪ್ರೀತಿ ಅಂತ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಮರೆತವನನ್ನು ನೆನಪಿಸಬಹುದು. ದಿನಾ ನೆನಪಿಟ್ಟುಕೊಂಡು ದಿನಾ ಮುಂದೆ ಹಾಕಿದವನಿಗೆ ಏನು ಹೇಳುವುದು?

ಭತ್ತ ಬರುವ ಹೊತ್ತಿಗೆ ಸಿರುಗುಪ್ಪದ ಮಿಲ್ಲು ಶುರುವಾಯಿತು. ನಾವೆಲ್ಲ ಹೋಗಿದ್ದೆವು. ಅತ್ತೆ ಮೋಟರಿಗೆ ಕುಂಕುಮ ಹಚ್ಚಿದರು. ಬೆರಳು ಒಂದಿಷ್ಟು ಪಕ್ಕಕ್ಕೆ ಹೋಯಿತು, ಭಾವ ಅವರ ಕೈ ಹಿಡಿದು ಸರಿಯಾದ ಜಾಗಕ್ಕೆ ತಂದರು. ಬಂದವರೆಲ್ಲ "ತಾಯಿ ಮೇಲೆ ಎಂಥ ಭಕ್ತಿ" ಎಂದು ಮಾತಾಡಿಕೊಂಡರು. ದೇಶನೂರಿನ ಒಬ್ಬ ಮುದುಕರು ನನ್ನ ಪಕ್ಕದಲ್ಲೇ ನಿಂತಿದ್ದವರು, "ನಿಮ್ಮ ಭಾವಾರು ಹಿಡಿದ ಕೆಲಸ ಬಿಡೋ ಮನಷ್ಯಾರಲ್ಲ ಬಿಡವ್ವ" ಅಂದರು. ನಾನು ಬೆಲ್ಲ ಹಂಚುವ ತಟ್ಟೆ ಅವರ ಕೈಗೆ ಕೊಟ್ಟು ಜೀಪಿನಲ್ಲಿ ಹೋಗಿ ಕೂತೆ.

ಮರುವರ್ಷ ನನ್ನ ಗಂಡ ಕುರುಗೋಡಿನಲ್ಲಿ ಮನೆ ಹಿಡಿದರು. ಬಸ್ಸಿನ ಓಡಾಟ ಸಾಕಾಯಿತು ಅಂತ ಹೇಳಿಕೊಂಡರು. ಅಣ್ಣನಿಗೂ ಅದನ್ನೇ ಹೇಳಿದರು. ನಿಜವಾದ ಕಾರಣವನ್ನು ಅವರು ಯಾರೆದುರೂ, ನನ್ನೆದುರೂ ಬಾಯಿಬಿಟ್ಟು ಹೇಳಲಿಲ್ಲ. ಸಾಮಾನು ಎತ್ತುವ ದಿನ ಅತ್ತೆಯನ್ನು ಕರೆದೆ. "ಹಿರೇಮಗನ ಮನಿ ಬಿಟ್ಟು ಹೆಂಗ ಬರ್ಲವ್ವ?" ಅಂದರು.

ಬಂದರು, ಬಹಳ ತಡವಾಗಿ. ಎಂಬತ್ತರ ದಶಕದಲ್ಲಿ ಎಡಗಣ್ಣೂ ಮಂಜಾದ ಮೇಲೆ, ನೆಗೆಣ್ಣಿಗೆ ಬೆನ್ನು ನೋವು ಹತ್ತಿದ ಮೇಲೆ, ಭಾವ ಅವರನ್ನು ಕಾರಿನಲ್ಲಿ ಕಳಿಸಿಕೊಟ್ಟರು. ಆಗ ಅವರಿಗೆ ಕಾರು ಬಂದಿತ್ತು. ಅತ್ತೆ ನಮ್ಮ ಮನೆಯಲ್ಲೇ ಉಳಿದರು. ಗೋಡೆ ಸವರುತ್ತ ಓಡಾಡುವುದನ್ನು ಕಲಿತರು. ಬೆಳ್ಳುಳ್ಳಿ ಬಿಡಿಸಿ ಕೊಡುತ್ತಿದ್ದರು, ನನ್ನ ಮಗಳ ಜಡೆ ಹೆಣೆಯುತ್ತಿದ್ದರು. ನನ್ನ ಗಂಡನಿಗಿಂತ ನನ್ನ ಹೆಜ್ಜೆಯ ಸಪ್ಪಳ ಅವರಿಗೆ ಬೇಗ ಗುರುತು ಸಿಗುತ್ತಿತ್ತು. ತಲೆನೋವು ಅಂದ ದಿನವೇ ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆದೊಯ್ಯುತ್ತಿದ್ದೆ. ಒಲೆಯ ಮೇಲಿನ ಬೇಳೆ ಅರ್ಧ ಬೆಂದಿದ್ದರೂ ಇಳಿಸಿ ಹೊರಡುತ್ತಿದ್ದೆ.

ಭಾವ ಆಗಾಗ ಬರುತ್ತಿದ್ದರು. ತಾಯಿಯ ಕಾಲ ಹತ್ತಿರ ಕೂತು ಮಿಲ್ಲಿನ ಸುದ್ದಿ ಹೇಳುತ್ತಿದ್ದರು. ನಾನು ಚಹಾ ಇಟ್ಟು ಒಳಗೆ ಹೋಗುತ್ತಿದ್ದೆ. ಅವರು ಕುಡಿಯುತ್ತಿದ್ದರೋ ಬಿಡುತ್ತಿದ್ದರೋ, ಲೋಟ ತೆಗೆಯಲು ಮಗಳನ್ನು ಕಳಿಸುತ್ತಿದ್ದೆ. ಆಸ್ಪತ್ರೆಯ ಆ ಸಂಜೆಯ ನಂತರ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅತ್ತೆ ತೀರಿಕೊಂಡದ್ದು ನಮ್ಮ ಮನೆಯಲ್ಲಿ, ಒಂದು ಬೆಳಿಗ್ಗೆ, ನಾನು ಕೊಟ್ಟ ಗಂಜಿ ಕುಡಿದು ಒರಗಿದವರು ಏಳಲಿಲ್ಲ. ಬಳ್ಳಾರಿಗೆ ಸುದ್ದಿ ಹೋಗಿ ನೆಗೆಣ್ಣಿಯ ಜೊತೆ ಭಾವ ಬಂದರು. ಹೊಸಿಲಲ್ಲೇ ಕುಸಿದು ಮಗುವಿನ ಹಾಗೆ ಅತ್ತರು. ಓಣಿಯ ಹೆಂಗಸರೂ ಕಣ್ಣೊರೆಸಿಕೊಂಡರು. ಅವರು ತಾಯಿಯ ಪಾದ ಹಿಡಿದು, ಸುತ್ತ ಕೂತವರ ಮುಖ ನೋಡುತ್ತ, "ಅವ್ವಗ ನಾನು ಏನು ಕಡಿಮಿ ಮಾಡೀನಿ, ಹೇಳ್ರಿ, ಏನು ಕಡಿಮಿ ಮಾಡೀನಿ?" ಅಂದರು.

"ಏನೂ ಇಲ್ರಿ, ಏನೂ ಇಲ್ಲ" ಅಂದರು ಎಲ್ಲರೂ.

ನೆಗೆಣ್ಣಿ ತಲೆ ಎತ್ತಿ ನನ್ನನ್ನೇ ನೋಡಿದಳು. ಸತ್ತವರ ಮುಂದೆ ಜಗಳ ಬೇಡ ಎಂದು ಅವಳ ಕಣ್ಣು ಕೇಳಿಕೊಳ್ಳುತ್ತಿತ್ತು. ನಾನು ಜಗಳ ಮಾಡಲಿಲ್ಲ. ಇಲ್ಲ ಅಂತ ಹೇಳಿದವರ ಜೊತೆ ದನಿಯನ್ನೂ ಕೂಡಿಸಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಅತ್ತೆಯ ಮೈ ತೊಳೆಯಲು ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದೆ.